ನಡುವಿನ ಸೀಟು

ನಾವು ಕೊಂಡದ್ದು ಒಂದು ಖಾಲಿ ಜಾಗ.

ನಗಬೇಡಿ. ಅಗ್ಗದ ವಿಮಾನದಲ್ಲಿ ಪ್ರೀಮಿಯಂ ಅಂದರೆ ಅಷ್ಟೇ:
ಅದೇ ಸೀಟು, ಅದೇ ಗೀರುಬಿದ್ದ ಕಿಟಕಿ,
ಮೊದಲ ಸಾಲು, ಕಾಲಿಗೆ ಒಂದು ಗೇಣು ಹೆಚ್ಚು,
ಮತ್ತೆ ನಮ್ಮಿಬ್ಬರ ನಡುವೆ
ಯಾರೂ ಕೂರುವುದಿಲ್ಲ ಎಂಬ ಮಾತು.
ಆ ಮಾತಿಗೆ ತಲೆಗೆ ನಾನೂರ ಹತ್ತು ಜ್ಲೋಟಿ.
ಸೀಟಿನ ಬೆಲೆ ಅದರ ಅರ್ಧವೂ ಇರಲಿಲ್ಲ.

ಜೆಮೋವಿತ್‌ನ ಎಡ ಮೊಣಕಾಲಿಗೆ
ಮಾರ್ಚಿಯಲ್ಲಿ ಲೋಹದ ಕೀಲು ಕೂರಿಸಿದ್ದರು.
ಮಡಿಸಿದರೆ ಹಳೇ ಕಪಾಟಿನ ಬಾಗಿಲ ಹಾಗೆ
ಅರ್ಧಕ್ಕೇ ನಿಂತುಬಿಡುತ್ತದೆ.
ಪೊಜ್ನಾನ್‌ನಿಂದ ತೆನೆರೀಫೆಗೆ ಐದೂವರೆ ಗಂಟೆ.
ವೈದ್ಯೆ ಹೇಳಿದಳು, ಚಾಚಿಡಲಿ.
ನಾನು ಹೇಳಿದೆ, ದುಡ್ಡು ಹೋದರೆ ಹೋಗಲಿ.
ಅವನು ಏನೂ ಹೇಳಲಿಲ್ಲ.
ಮೀನಿನ ಗಾಳಗಳಲ್ಲಿ ಎರಡನ್ನು ಮಾರಿ ಬಂದ,
ಒಳ್ಳೆಯವೆರಡನ್ನೇ.

ಮೋಸಹೋಗುವ ಹೆಂಗಸಲ್ಲ ನಾನು.
ಇಪ್ಪತ್ತೊಂಬತ್ತು ವರ್ಷ ಟ್ರಾಮಿನಲ್ಲಿ ಟಿಕೆಟು ತಪಾಸಣೆ.
ಟಿಕೆಟಿಲ್ಲದವನ ಕಿವಿ ಕೆಂಪಾಗುವುದನ್ನು
ಮೂರು ಸೀಟಿನಾಚೆಯಿಂದ ಹಿಡಿಯಬಲ್ಲೆ.
ಊರವರ ಟಿಕೆಟಿಗೆಲ್ಲ
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದವಳು
ನನ್ನದರ ಸಾಸಿವೆಯಕ್ಷರಗಳ ಮುಂದೆ ತೂಕಡಿಸಿದೆ.
'ಒಪ್ಪಿದ್ದೇನೆ' ಎಂಬಲ್ಲಿ ಬೆರಳೊತ್ತಿದೆ.

ಬೆಳಗಿನ ನಾಲ್ಕಕ್ಕೆ ನಿಲ್ದಾಣ.
ಗಾಜಿನಾಚೆ ಮಂಜಿನಲ್ಲಿ
ಬಾಡಿಗೆಗೆ ತಂದ ಬೇರೊಂದು ವಿಮಾನ,
ಅದರ ಬಾಲದ ಮೇಲೆ ಯಾರದೋ ಹಕ್ಕಿ.
'ಇದರಲ್ಲಿ ಪ್ರೀಮಿಯಂ ಇಲ್ಲ ಮೇಡಂ.'
ಹುಡುಗನಿಗೆ ಮೀಸೆ ಇನ್ನೂ ಸರಿಯಾಗಿ ಮೂಡಿಲ್ಲ,
ಟೈ ಮಾತ್ರ ಅಪ್ಪನದಿರಬೇಕು.
ಷರತ್ತು ಹದಿನೇಳು ಓದಿ ಹೇಳಿದ:
ಸೀಟು ಎಂಬುದು ಕೋರಿಕೆ, ಭರವಸೆಯಲ್ಲ.
ಹಣ ವಾಪಸ್ಸು ಬರುವುದಿಲ್ಲ, ವೋಚರು ಬರುತ್ತದೆ,
ತೊಂಬತ್ತು ದಿನ, ಇದೇ ಕಂಪನಿಯಲ್ಲಿ,
ಸೂಟ್‌ಕೇಸಿಗೆ ಅನ್ವಯಿಸದು.

ಅವನ ದನಿ ನನಗೆ ಗೊತ್ತಿತ್ತು.
ಅದು ನನ್ನದೇ.

ಒಂದು ಜನವರಿ, ಆರನೇ ನಂಬರಿನ ಟ್ರಾಮು.
ಟಿಕೆಟು ಯಂತ್ರ ಕೆಟ್ಟಿದೆ ಎಂದಳು ಒಬ್ಬಾಕೆ.
ಕೆಟ್ಟಿತ್ತು, ನಾನೂ ನೋಡಿದ್ದೆ.
ಮುಂದಿನ ಬೋಗಿಯಲ್ಲಿ ಇನ್ನೊಂದಿದೆ,
ನಿಯಮ ಎಂಟು, ಎಂದೆ.
ಒದ್ದೆ ಕೈಗವಸು ಹಲ್ಲಿನಲ್ಲಿ ಕಚ್ಚಿ ಎಳೆದು
ಅಂಗೈಯಲ್ಲಿ ನಾಣ್ಯ ಎಣಿಸಿದಳು.

ಇಪ್ಪತ್ತಾರನೇ ಸಾಲು.
ಕಿಟಕಿಗೆ ನಾನು, ಓಣಿಯ ಪಕ್ಕಕ್ಕೆ ಅವನು,
ನಾವು ಎಂಟುನೂರ ಇಪ್ಪತ್ತು ಕೊಟ್ಟು ಖಾಲಿ ಇಡಿಸಿದ ಜಾಗಕ್ಕೆ
ಅರವತ್ತೊಂಬತ್ತು ಕೊಟ್ಟ ಅನಿಯೆಲಾ ಬಂದಳು,
ಹೋಟೆಲಿನ ಅಡುಗೆಮನೆಗೆ ಆರು ತಿಂಗಳ ಕೆಲಸಕ್ಕೆ,
ಮೊದಲ ಹಾರಾಟ, ಕೈಯಲ್ಲಿ ಬೆಂದ ಮೊಟ್ಟೆ.
ಅಭ್ಯಾಸಬಲ, ಅವಳ ಟಿಕೆಟು ಕೇಳಬೇಕೆನಿಸಿತು ನನಗೆ.

ಜೆಮೋವಿತ್ ಕಾಲನ್ನು ಓಣಿಗೆ ಚಾಚಿದ,
ಕಾಫಿಯ ಗಾಡಿ ಬಂದು ತಾಗಿತು.
ಒಳಗೆಳೆದುಕೊಂಡ, ಮುಂದಿನ ಸೀಟು ಹಿಂದಕ್ಕೆ ಬಾಗಿತು.
ಹುಡುಗಿ ನೋಡಿದಳು, ಏನೂ ಕೇಳಲಿಲ್ಲ.
ಬೂಟು ಕಳಚಿ ಸೀಟಿನ ಮೇಲೆಯೇ
ಚಕ್ಕಳಮಕ್ಕಳ ಹಾಕಿ ಕೂತಳು,
ಕಾಲು ಇಲ್ಲಿಗಿಡಿ, ಎಂದಳು, ನನ್ನ ಕೆಳಗೆ.

ಬಿಸ್ಕೇ ಕೊಲ್ಲಿಯ ಮೇಲೆಲ್ಲೋ ಇಬ್ಬರೂ ನಿದ್ದೆಹೋದರು.
ಅವಳ ತಲೆ ನನ್ನ ಭುಜಕ್ಕೆ ಬಂತು.
ಮೊಟ್ಟೆಯ ವಾಸನೆ.
ನಾನು ಅಲುಗಾಡಲಿಲ್ಲ, ತೋಳು ಜೋಮು ಹಿಡಿಯಿತು.

ಇಳಿದಾಗ ಮೊಣಕಾಲು ಹೇಗೂ ಬಾತಿತ್ತು.
ಮೂರು ದಿನ ಸಮುದ್ರವನ್ನು ಬಾಲ್ಕನಿಯಿಂದ ನೋಡಿದ,
ಗಾಳಗಳ ಹೆಸರೆತ್ತಲಿಲ್ಲ.

ವೋಚರಿಗೆ ಇನ್ನು ಹನ್ನೊಂದು ದಿನ.
ಡ್ರಾಯರಿನಲ್ಲಿದೆ, ಗುಂಡಿ ದಾರಗಳ ಜೊತೆ.
ಆ ಟ್ರಾಮಿನ ಹೆಂಗಸಿಗೆ ಎಷ್ಟು ದಂಡ ಹಾಕಿದ್ದೆನೋ
ನೆನಪಾಗುತ್ತಿಲ್ಲ.
ಕೈಗವಸು ನೆನಪಿದೆ, ಹಲ್ಲಿನಲ್ಲಿ ಕಚ್ಚಿದ್ದು.