ಹನ್ನೆರಡು ಕಿಲೋಮೀಟರು

ಮೇಜಿನ ಮೇಲೆ ಎರಡು ಕೀಲಿಕೈ ಇಟ್ಟು
ಶರೀಫ್ ಚಹಾ ಹೀರುತ್ತ ಹೇಳಿದ:
ಶುಕ್ರವಾರದೊಳಗೆ ತಿಳಿಸು, ಮ್ವಾಕಿಯೊ.
ಇದು ಕಂಪಾಲಾ, ಕಿಗಾಲಿ, ಬೇಕೆಂದರೆ ಜೂಬಾ.
ಇದು ಮೊಂಬಾಸಾ ಬಂದರಿನಿಂದ ಜೋಂವು ಯಾರ್ಡು,
ಹನ್ನೆರಡು ಕಿಲೋಮೀಟರು.
ಎರಡಕ್ಕೂ ಒಂದೇ ಕೆಂಪು ದಾರ ಕಟ್ಟಿದ್ದ.

ಹತ್ತೊಂಬತ್ತು ವರ್ಷ ಮೊದಲನೆಯದನ್ನೇ ಓಡಿಸಿದವನು ನಾನು.
ಮರಿಯಾಕಾನಿಯಲ್ಲಿ ಲಾರಿಯ ತೂಕ,
ಮ್ಟಿಟೊ ಆಂಡೆಯಲ್ಲಿ ಸುಟ್ಟ ಆಡಿನ ಪಕ್ಕೆಲುಬು,
ಸಾಲ್ಗಾ ಇಳಿಜಾರಿನಲ್ಲಿ ಯಾರದೋ ಬ್ರೇಕು ಕಮರಿದ ವಾಸನೆ,
ಮಲಾಬಾ ಗಡಿಯಲ್ಲಿ ಮೂರು ಹಗಲು ಮೂರು ರಾತ್ರಿ ಸಾಲು.
ಅಲ್ಲಿ ಸೋಡಾ ಮುಚ್ಚಳಗಳನ್ನೇ ಕಾಯಿ ಮಾಡಿ ಆಡುತ್ತಿದ್ದೆವು.
ಬುರುಂಡಿಯವನೊಬ್ಬ ಒಮ್ಮೆಯೂ ಸೋಲಲಿಲ್ಲ;
ಹೆಸರು ಕೇಳಬೇಕು ಅನ್ನುವಷ್ಟರಲ್ಲಿ
ಸಾಲು ಸರಿಯಿತು.

ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ
ಬೆಟ್ಟದ ಹತ್ತಿರ ಹೋಗದವರು.
ಹೋಗಿ ನೋಡಿದ್ದೇನೆ.
ಕೆಲವು ನಿಜವಾಗಿಯೂ ನುಣ್ಣಗಿವೆ:
ಎಲ್ಡೊರೆಟ್ ದಾಟಿದ ಮೇಲೆ ಬೆಳಗಿನ ಐದೂವರೆ,
ಹಾಲಿನ ಕ್ಯಾನು ಹೊತ್ತ ಸೈಕಲ್ಲುಗಳು,
ಕ್ಯಾಬಿನ್ನಿನೊಳಗೆ ನಾನೊಬ್ಬನೇ,
ಯಾರಿಗೂ ಏನೂ ಹೇಳಬೇಕಾಗಿಲ್ಲ.
ಇದನ್ನು ವಾಕೇಶೋಗೆ ಹೇಗೆ ಹೇಳಲಿ?

ಅವಳು ಶಾಲೆಯ ಸಮವಸ್ತ್ರ ಹೊಲಿಯುತ್ತಾಳೆ,
ಮಿಕಿಂದಾನಿಯ ಒಂದೂವರೆ ಕೋಣೆಯಲ್ಲಿ.
ನಾನಿಲ್ಲದ ರಾತ್ರಿ
ಹಾಸಿಗೆಯ ನನ್ನ ಅರ್ಧಕ್ಕೆ
ಕತ್ತರಿಸಿದ ತೋಳು, ಕಾಲರು, ಜೇಬು ಹರಡಿಟ್ಟು ಮಲಗುತ್ತಾಳೆ.
ಬಂದಾಗಲೆಲ್ಲ ಅವನ್ನು ಮಡಚಿ ಎತ್ತಿಡುತ್ತಾಳೆ,
ನೆಂಟರು ಬಂದರೆ ಎತ್ತಿಡುವ ಹಾಗೆ.

ಇರು ಅನ್ನಲಿಲ್ಲ. ಹೋಗು ಅನ್ನಲಿಲ್ಲ.
ದಾರ ಹಲ್ಲಲ್ಲಿ ಕಡಿದು ಕೇಳಿದಳು:
ದಿನಾ ಬರ್ತೀಯ ಅಂದರೆ
ಬಟ್ಟೆ ಎಲ್ಲಿಡಲಿ?

ಲೆಕ್ಕ ಹಾಕಿದೆ, ಸಿಗರೇಟು ಪೊಟ್ಟಣದ ಬೆನ್ನ ಮೇಲೆ.
ಕಂಪಾಲಾ ಒಂದು ಸಲ ಹೋಗಿಬಂದರೆ ಇಷ್ಟು ಭತ್ಯೆ,
ಅದರಲ್ಲಿ ಪೊಲೀಸರಿಗೆ ಇಷ್ಟು, ಟೈರಿಗೆ ಇಷ್ಟು,
ಬೆನ್ನುಮೂಳೆಗೆ ಎಷ್ಟು ಎಂದು ಬರೆಯಲು
ಜಾಗ ಉಳಿಯಲಿಲ್ಲ.
ಜೋಂವು: ತಿಂಗಳಿಗೆ ಕಟ್ಟುನಿಟ್ಟು ಸಂಬಳ, ಭತ್ಯೆ ಸೊನ್ನೆ,
ದಿನಕ್ಕೆ ಆರೋ ಏಳೋ ಸುತ್ತು.
ಗಾಣದೆತ್ತು ಕೂಡ ದಿನವಿಡೀ ನಡೆಯುತ್ತದೆ.
ಆದರೆ ಸಂಜೆ ಅದಕ್ಕೆ
ತನ್ನ ಕೊಟ್ಟಿಗೆ ಹುಡುಕಬೇಕಾಗಿಲ್ಲ.

ಶುಕ್ರವಾರ ಎರಡನೆಯ ಕೀಲಿಕೈ ತೆಗೆದುಕೊಂಡೆ.
ದೊಡ್ಡ ಕಾರಣವೇನಿಲ್ಲ.
ಹಿಂದಿನ ದಿನ ಮಗಳು ಮ್ಘೊಯಿ
ಬಾಗಿಲಲ್ಲಿ ನಿಂತು ಒಳಗೆ ಕೂಗಿದ್ದಳು:
ಅಮ್ಮಾ, ಅವರು ಬಂದರು.
ಅಪ್ಪ ಅನ್ನಲಿಲ್ಲ. ಅವರು.

ಈಗ ಹಡಗಿನಿಂದಿಳಿದ ಪೆಟ್ಟಿಗೆಗಳನ್ನು
ಮೊದಲ ಹನ್ನೆರಡು ಕಿಲೋಮೀಟರು ಮಾತ್ರ ಒಯ್ಯುತ್ತೇನೆ,
ಮದುಮಗಳನ್ನು ಊರಬಾಗಿಲಿನ ತನಕ ಬಿಟ್ಟುಬರುವ
ಸೋದರಮಾವನ ಹಾಗೆ.
ಚಂಗಾಮ್ವೆಯ ಸಂದಣಿಯಲ್ಲಿ ನಿಂತಾಗ
ಕನ್ನಡಿಯಲ್ಲಿ ಅವುಗಳ ಚೀಟಿ ತಿರುವುಮುರುವಾಗಿ ಓದುತ್ತೇನೆ: ಕಂಪಾಲಾ, ಗೋಮಾ.
ಯಾರ್ಡಿನಲ್ಲಿ ಹೊಸ ಹುಡುಗ ಓಚೊಲಾ ಕಾಯುತ್ತಿರುತ್ತಾನೆ,
ಕಿವಿಗೆ ಹಾಡು ಸಿಕ್ಕಿಸಿಕೊಂಡು.
ಎಲ್ಡೊರೆಟ್ಟಿನ ಐದೂವರೆಯ ಬಗ್ಗೆ
ಅವನಿಗೆ ಹೇಳಿಲ್ಲ.
ಹೊಟ್ಟೆಕಿಚ್ಚು ಇರಬಹುದು.

ಗೋಡೆಯ ಮೇಲೆ ಮ್ಘೊಯಿ ಬರೆದ ಭೂಪಟವಿದೆ.
ನಾನೆಲ್ಲಿದ್ದೇನೆಂದು ಫೋನಿನಲ್ಲಿ ಕೇಳಿ
ಅಂಟು ಮೆತ್ತಿದ ಬಿಳಿ ಗುಂಡಿಯೊಂದನ್ನು ಸರಿಸುತ್ತಿದ್ದಳು.
ಮೂರು ವಾರದಿಂದ ಅದು ಸಮುದ್ರದ ಪಕ್ಕದಲ್ಲೇ ಇದೆ.
ಇದನ್ನೇನು ಮಾಡಲಿ ಅಂದಳು.
ವಾಕೇಶೋ ತಲೆಯೆತ್ತದೆ ಕೈ ಚಾಚಿ ತೆಗೆದುಕೊಂಡು
ಯಾವುದೋ ಹುಡುಗನ ಅಂಗಿಗೆ ಹೊಲಿದಳು.

ಬಟ್ಟೆ ಈಗ ಮಂಚದ ಕೆಳಗೆ, ಅಕ್ಕಿಚೀಲದಲ್ಲಿ.
ರಾತ್ರಿ ನಿದ್ದೆಯಲ್ಲಿ ನನ್ನ ಬಲಗಾಲು
ಮಂಚದ ತುದಿಯನ್ನು ಒತ್ತಿ ಒತ್ತಿ ಹುಡುಕುತ್ತದೆಯಂತೆ,
ಸಾಲ್ಗಾ ಇಳಿಜಾರಿನ ಬ್ರೇಕು.
ಅವಳು ಎಬ್ಬಿಸುವುದಿಲ್ಲ.
ಹತ್ತೊಂಬತ್ತು ವರ್ಷ ಫೋನಿನಲ್ಲಿ ಹೇಳಿದ್ದನ್ನೇ
ಅರೆನಿದ್ದೆಯಲ್ಲಿ ಹೇಳುತ್ತಾಳಂತೆ:
ಗೇರಿನಲ್ಲೇ ಇಳಿ.
ಡೀಸೆಲ್ ಉಳಿಸಬೇಡ.