ಅರಗು

ಸಾಹೇಬರು ಬರೀತಾರ, ನಾ ಅರಗು ಕಾಸ್ತೀನಿ.
ಇಪ್ಪತ್ತೆರಡು ವರ್ಷದಿಂದ ಇದೇ ನೌಕರಿ,
ರಾಯಚೂರಿನ ಬಿಸಿಲಾಗ ಮೇಣಬತ್ತಿ ಹಚ್ಚಿ ಕೂಡೋದು.
ಹೆಸರು ಹುಸೇನಪ್ಪ. ಹುದ್ದೆ ಜವಾನ.
ಬೆರಳ ತುದಿ ನೋಡ್ರಿ, ಗೆರಿ ಉಳಿದಿಲ್ಲ,
ರೇಶನ್ ಅಂಗಡಿ ಮಷಿನ್ನು ನನ್ನ ಗುರುತು ಹಿಡಿಯೂದಿಲ್ಲ.

ಒಂದು ಮಾಲಿಗೆ ನಾಲ್ಕು ಬಾಟಲಿ.
ಒಂದು ಕಲಬುರಗಿ ಲ್ಯಾಬಿಗೆ, ಎರಡು ದೊಡ್ಡ ಸಾಹೇಬರ ಕಪಾಟಿಗೆ,
ನಾಲ್ಕನೇದ್ದು ಮಾರಿದವ ಕೇಳಿದರ ಬ್ಯಾರೆ ಲ್ಯಾಬಿಗೆ.
ಹಾಲಾದರ ಫಾರ್ಮಾಲಿನ್ ಹನಿ, ಕೆಡಬಾರದಂತ.
ಕಂದು ಕಾಗದ, ಹುರಿ, ನಾಲ್ಕು ಮುದ್ರಿ, ಪಂಚರ ಸಹಿ.
ಪಂಚರಾಗಲಿಕ್ಕೆ ಯಾರೂ ನಿಲ್ಲೂದಿಲ್ಲ,
ಪಾನ್ ಡಬ್ಬಿಯವನ ಗದ್ದ ಹಿಡೀಬೇಕು.

ಆ ಏಪ್ರಿಲ್‌ನಾಗ ಸ್ಟೇಷನ್ ರಸ್ತೇದಾಗ
ಅಮರಯ್ಯನ ಬಂಡಿ, ಬಾದಾಮಿ ಹಾಲು,
ಹತ್ತು ರೂಪಾಯಿಗೆ ಗ್ಲಾಸು, ಮ್ಯಾಲೆ ತೇಲೋ ಐಸು.
ಐಸಿಗೂ ಒಂದು ಕಾನೂನದ:
ಮೀನಿಗಿಡೋದಕ್ಕ ನೀಲಿ ಬಣ್ಣ ಹಾಕಬೇಕು,
ಬಾಯಿಗಿಡೋದು ಬೆಳ್ಳಗಿರಬೇಕು.
ಐಸ್ ಫ್ಯಾಕ್ಟರ್ಯಾಗ ನೀಲಿ ಪುಡಿ ಪಾಕೀಟು ನಾನೇ ನೋಡೇನಿ.
ಒಡೆದಿರಲಿಲ್ಲ. ಅದರ ಮ್ಯಾಲೆ ಚಾದ ಕಪ್ಪು ಇಟ್ಟಿದ್ದರು.

ನಲವತ್ತೊಂದು ಮಂದಿ ದವಾಖಾನಿಗೆ.
ವರಾಂಡದಾಗ ಚಾಪಿ, ಚಾಪಿಗೊಂದು ಬಕೇಟು,
ಕಿಟಕಿ ಸರಳಿಗೆ ಸಲೈನು.
ಅಮರಯ್ಯನ ಮಗಳೂ ಅಲ್ಲೇ, ಮೂಲ್ಯಾಗ.
ಅವನ್ನ ಬಡೀಲಿಕ್ಕೆ ಬಂದವರು
ಅವನ ಕೈಯಾಗಿನ ಬಕೇಟು ನೋಡಿ
ಹಾದಿ ಬಿಟ್ಟು ಸರಿದು ನಿಂತರು.

ತಿರುಗಿ ಬರದವನು ಒಬ್ಬನೇ.
ಅಕ್ಕಿ ಮಿಲ್ಲಿನ ನರಸಮ್ಮನ ಮಗ ಕರಿಲಿಂಗ, ಏಳು ವರ್ಷ.
ಒಂದು ಗ್ಲಾಸು ಅಲ್ಲೇ ಕುಡಿದು
ಇನ್ನೊಂದು ಕಟ್ಟಿಸಿಕೊಂಡು ಮನಿಗೆ ಒಯ್ದಿದ್ದ.

ಪೋಸ್ಟ್‌ಮಾರ್ಟಮ್ ಖೋಲಿ ಮುಂದ ಕಾಗದ ಹಿಡಕೊಂಡು ನಿಂತಿದ್ದೆ.
ಒಳಗಿನ ಹುಡುಗ ಬಂದು,
'ಅಣ್ಣಾ, ನಮ್ಮ ಅರಗು ಮುಗಿದದ, ಸ್ವಲ್ಪ ಕೊಡು' ಅಂದ.
ಕೊಟ್ಟೆ. ಕಾಸಿಯೂ ಕೊಟ್ಟೆ, ಹೊಸಬ, ಕೈ ನಡುಗತಿತ್ತು.
ಎರಡು ಗಾಜಿನ ಭರಣಿ, ಉಪ್ಪುನೀರು.
ಒಳಗೇನು ಅಂತ ನಾ ನೋಡಲಿಲ್ಲ.
ಹುರಿ ಅದೇ, ಗಂಟು ಅದೇ, ಕೆಂಪು ಅದೇ.
ಉಪ್ಪು ತಿಂದವ ನೀರು ಕುಡೀಬೇಕು ಅಂತಾರ.
ತಿಂದವರು ಯಾರೋ,
ಉಪ್ಪೂ ನೀರೂ ಈ ಕೂಸಿನ ಪಾಲಿಗೆ.

ಹದಿನಾಲ್ಕು ದಿನದ ವರದಿ ಇಪ್ಪತ್ತಾರಕ್ಕ ಬಂತು:
'ಕೊಬ್ಬಿನಂಶ ನಿಗದಿಗಿಂತ ಕಡಿಮೆ. ಕಳಪೆ.'
ಅಷ್ಟೇ.
ಫಾರ್ಮಾಲಿನ್ ಬಿದ್ದ ಹಾಲಿನ್ಯಾಗ ಹುಳ ಬದುಕೂದಿಲ್ಲ,
ಸಾಕ್ಷಿ ಕಾಯೋ ಮದ್ದೇ ಸಾಕ್ಷೀನ ಕೊಲ್ಲತದ.
ಹುಳ ಹಿಡಿಯೋ ಬಾಟಲಿ ಬ್ಯಾರೆ, ಅದಕ್ಕ ಥಂಡಿ ಪೆಟ್ಟಿಗಿ ಬೇಕು.
ನಮ್ಮ ಪೆಟ್ಟಿಗಿ ಮುಚ್ಚಳ ಮುರಿದು ವರ್ಷಾತು.
ಪತ್ರ ಮೂರು ಸಲ ಬರೆದಾರ, ಟಪಾಲು ನಾನೇ ಹಾಕೇನಿ.
ಅಮರಯ್ಯ ದಂಡ ಕಂತಿನಾಗ ಕಟ್ಟಿದ.
ಫ್ಯಾಕ್ಟರಿಗೆ ಒಂದು ನೋಟೀಸು.

ಜೂನಿನಾಗ ನರಸಮ್ಮ ಕಚೇರಿಗೆ ಬಂದಳು,
ಸೆರಗಿನಾಗ ಸುತ್ತಿದ ಸ್ಟೀಲಿನ ಗ್ಲಾಸು.
'ರಾತ್ರಿ ಪಾಳಿ ಮುಗಿಸಿ ಬಂದೆ,
ನನಗಂತ ಬಗ್ಗಿಸಿಟ್ಟು ಮ್ಯಾಲೆ ತಾಟು ಮುಚ್ಚಿದ್ದ.
ಅಷ್ಟೊತ್ತಿಗೆ ವಾಂತಿ ಸುರುವಾಗಿತ್ತು, ಕುಡೀಲಿಲ್ಲ, ತೊಳೀಲಿಲ್ಲ.
ಇದನ್ನ ನೋಡಸ್ರಿ.
ಕೊಬ್ಬು ಬ್ಯಾಡ. ಏನಿತ್ತು, ಅಷ್ಟು ಹೇಳ್ರಿ.'

ತಳದಾಗ ಹಳದಿ ಪೊರಿ, ಒಂದು ಬಾದಾಮಿ ಚೂರು.
ಸಾಹೇಬರು ಮೀಟಿಂಗಿನಾಗ.
ನಿಯಮ ನನಗ ಬಾಯಿಪಾಠ: ಅಳತಿ ಬೇಕು, ರಸೀದಿ ಬೇಕು, ಪಂಚರು ಬೇಕು.
ಹೇಳಲಿಲ್ಲ. ಮೇಣಬತ್ತಿ ಹಚ್ಚಿದೆ.
ಗ್ಲಾಸಿನ ಬಾಯಿಗೆ ಕಂದು ಕಾಗದ, ಹುರಿ, ನಾಲ್ಕು ಮುದ್ರಿ.
ಪಂಚರ ಜಾಗದಾಗ ಆಕಿ ಹೆಬ್ಬಟ್ಟು ಒತ್ತಿದಳು,
ಬಾಜೂಕ ನಾನೂ ಒತ್ತಿದೆ, ಬರೇ ಮಸಿ ಮೂಡಿತು.
ಮಾಲಿನ ಹೆಸರೇನು ಬರೀಲಿ ಅಂದೆ.
'ಅವ್ವಗ ಇಟ್ಟದ್ದು.'

ನಂಬರಿಲ್ಲದ ಆ ಮಾಲು ಈಗೂ ಕಪಾಟಿನಾಗ ಅದ,
ಹಳೇ ರಜಿಸ್ಟರಿನ ಹಿಂದ.
ಬ್ಯಾಸಗಿ ಬಂದರ ಮುದ್ರಿ ಮೆತ್ತಗಾಗಿ ಜಾರತದ,
ಮತ್ತ ಕಾಸಿ ಒತ್ತತೀನಿ.
ಇದಕ್ಕ ಅರಗು ಅಂತ ಯಾವನು ಹೆಸರಿಟ್ಟನೋ.
ಇಷ್ಟು ವರ್ಷಾತು,
ನನಗ ಅರಗಿಲ್ಲ.