ಅಂಗೈ ಮತ್ತು ಕನ್ನಡಿ

ಶಾರ್ಜಾದ ಹತ್ತನೇ ಇಂಡಸ್ಟ್ರಿಯಲ್ ಏರಿಯಾ.
ಕೆಳಗೆ ಟಯರಿನಂಗಡಿ, ಮೇಲೆ ನಾವಿಬ್ಬರು:
ನನ್ನೆದುರು ಕರಿ ಕಿಟಕಿ, ಅದರಲ್ಲೊಂದು ಮಿಣುಕುವ ಗೆರೆ;
ಫ್ಲೇವಿಯಾಳ ಮುಂದೆ ಬಣ್ಣದ ಪೆಟ್ಟಿಗೆ.

ಕೆಲಸ ಒಂದೇ. ನೀರಿನ ಮೀಟರು ಓದುವವನ
ಅಂಗೈಯಲ್ಲಿ ಕೂರುವ ಯಂತ್ರಕ್ಕೆ
ಬುದ್ಧಿ ಹೇಳುವುದು.

ಅವಳು ಬಟನ್ನನ್ನು ಎಳೆದು ತಂದು ಇಡುತ್ತಾಳೆ,
ಶಿರ್ವದಲ್ಲಿ ಅವಳಮ್ಮ ಗೋದಲಿಯೊಳಗೆ ಕುರಿ ಇಡುವ ಹಾಗೆ:
ಇಲ್ಲಿ ಬೇಡ, ಚೂರು ಎಡಕ್ಕೆ, ಹಾಂ.
ಪರದೆಯ ಮೂಲೆಯಲ್ಲಿ ಯಂತ್ರದ ಪ್ರತಿಬಿಂಬ;
ಮೌಸಿನ ಬಾಣ ತಾಗಿದರೆ ಸಾಕು,
'ಉಳಿಸಲಾಗಿದೆ' ಎನ್ನುತ್ತದೆ ವಿಧೇಯವಾಗಿ.

ನಾನು ಟೈಪಿಸುತ್ತೇನೆ. ಒಂದು ಚುಕ್ಕಿ ತಪ್ಪಿದರೆ
ನಲವತ್ತು ಸಾಲು ಬೈಗುಳ.
ತಪ್ಪದಿದ್ದರೆ ಒಂದು ಮಾತೂ ಇಲ್ಲ,
ನನ್ನಪ್ಪನ ಹಾಗೆ; ಮೆಚ್ಚಿದ್ದಕ್ಕೆ ಮೌನವೇ ಗುರುತು.

'ಕತ್ತಲಲ್ಲಿ ಚಪ್ಪಲಿ ಹುಡುಕುವ ಕೆಲಸ ನಿಮ್ಮದು' ಎಂದಳು ಒಮ್ಮೆ.
'ಅಂಗೈ ಹುಣ್ಣಿಗೆ ಕನ್ನಡಿ ಬೇಕೇನು' ಎಂದೆ.
ಗಾದೆ ಸಮಯಕ್ಕೆ ಸಿಕ್ಕಿದ ಖುಷಿಗೆ
ಎರಡು ದಿನ ಗೆದ್ದವನಂತೆ ಸುಲೈಮಾನಿ ಕುಡಿದೆ.

ನಿಜ ಹೇಳಬೇಕು: ಅವಳ ಪೆಟ್ಟಿಗೆ ತೆರೆದುಕೊಳ್ಳಲು ನಾಲ್ಕು ನಿಮಿಷ,
ಅಷ್ಟರಲ್ಲಿ ನಾನು ಮೂರು ಸಲ ಕಟ್ಟಿ ಕೆಡವಿರುತ್ತಿದ್ದೆ.
ಇನ್ನೊಂದು ನಿಜ: ನಾನು ರಜೆಯಲ್ಲಿದ್ದ ತಿಂಗಳು
ನನ್ನ ಸಾಲುಗಳನ್ನು ಯಾರೂ ಮುಟ್ಟಲಿಲ್ಲ,
ಹೆದರಿ.

ಆಗಸ್ಟು. ಇಲ್ಯಾಸ್ ಮಿಯಾ ಮೆಟ್ಟಿಲು ಹತ್ತಿ ಬಂದ,
ಯಂತ್ರವನ್ನು ಕರವಸ್ತ್ರದಲ್ಲಿ ಸುತ್ತಿ, ಗಾಯಗೊಂಡ ಪಾರಿವಾಳ ತಂದ ಹಾಗೆ.
'ಇದು ಎರಡೆರಡು ಸಲ ಬರೆದುಕೊಳ್ಳುತ್ತೆ ಸಾಬ್.'
ಫ್ಲೇವಿಯಾ ಪ್ರತಿಬಿಂಬವನ್ನು ಒತ್ತಿ ತೋರಿಸಿದಳು: ಒಂದೇ ಸಲ.
ನಾನು ಕರಿ ಕಿಟಕಿಗೆ ಲೆಕ್ಕ ಸುರಿದೆ:
ಎರಡು ಸಲ ಒತ್ತಿದ್ದೀಯ, ಎರಡು ಸಲ ಬರೆದಿದೆ.
ಅವಳೂ ನಾನೂ ಮೊದಲ ಬಾರಿಗೆ ಒಂದೇ ಪಕ್ಷ.

ಹಾಗಾದರೆ ನೀನೇ ಒತ್ತು ನೋಡೋಣ, ಎಂದೆವು.
ಅವನು ಕೈ ಬಿಚ್ಚಿದ.

ಬಿಸಿಲಿಗೆ ಕಾದ ಕಬ್ಬಿಣದ ಮುಚ್ಚಳ
ದಿನಕ್ಕೆ ಇನ್ನೂರು ಸಲ ಎತ್ತಿ ಎತ್ತಿ
ಬೆರಳ ತುದಿಗೆಲ್ಲ ಬೊಬ್ಬೆ, ಮೇಲೆ ಪ್ಲಾಸ್ಟರು.
ಒತ್ತಿದ್ದು ತಾಗಿತೋ ಇಲ್ಲವೋ ಬೆರಳಿಗೆ ತಿಳಿಯದು,
ಬೆಳಕಿಗೆ ಪರದೆಯೂ ಕಾಣದು.
ಅದಕ್ಕೇ ಮತ್ತೆ ಒತ್ತುತ್ತಾನೆ.

ಕೆಳಗೆ ಗಾಳಿ ಪಂಪು ಒಮ್ಮೆ ಉಸಿರೆಳೆದು ನಿಂತಿತು.
ನನ್ನ ಗಾದೆ ಎಲ್ಲಿ ಇಡಲೆಂದು ತೋಚಲಿಲ್ಲ.

ಅವಳು ಬಟನ್ನನ್ನು ಅರ್ಧ ಪರದೆಯಾಗುವಷ್ಟು ಹಿಗ್ಗಿಸಿದಳು.
ನಾನು ಒಂದು ಸಾಲು ಸೇರಿಸಿದೆ:
ತಾಗಿದರೆ, ನಡುಗು;
ಹಿಡಿದ ಕೈಗಾದರೂ ಗೊತ್ತಾಗಲಿ.

ಇಲ್ಯಾಸ್ ಒತ್ತಿದ. ಯಂತ್ರ ನಡುಗಿತು. ನಕ್ಕ.
ಮತ್ತೊಮ್ಮೆ ಒತ್ತಿದ, ಅಭ್ಯಾಸ.

ಎರಡನೆಯದನ್ನು ನುಂಗಿಕೊಳ್ಳುವ ಸಾಲು
ನಾಳೆ ಬರೆಯುತ್ತೇನೆ,
ಇಲ್ಲವೇ ಅವಳು ಎಲ್ಲಿಂದಲೋ ಎಳೆದು ತಂದು ಇಡುತ್ತಾಳೆ.